ಕ್ಯಾಮೆಲಿಯಾ ಕುಂಡಕ್ಕೆ ಬಚ್ಚಲ ಬೂದಿ

ನನಗೆ ಸಿಟ್ಟು ಬಂದರೆ ಮೊದಲು ಏಳುವುದು ಕೈ, ಬಾಯಿ ಆಮೇಲೆ. ಕೆಟ್ಟು ನಿಂತ ಪಂಪ್‌ಸೆಟ್ಟಿಗೆ ಒದ್ದು ಕಾಲಿನ ಹೆಬ್ಬೆರಳು ಮುರಿದುಕೊಂಡಿದ್ದೇನೆ. ಗದ್ದೆಯ ಅಂಚು ಕಡಿದ ಪಕ್ಕದವನ ಅಂಗಿ ಹರಿದು ಕೆಸರಿನಲ್ಲಿ ಉರುಳಿಸಿದ್ದೇನೆ. ಬಿಜೂರಿನ ಚಾದಂಗಡಿಯಲ್ಲಿ ಇದನ್ನೆಲ್ಲ ಜಂಬದಿಂದ ಹೇಳಿಕೊಂಡದ್ದೂ ಉಂಟು. ಒಂದು ಹೂವಿನ ಗಿಡದ ವಿಷಯ ಮಾತ್ರ ಇವತ್ತಿನವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ತಂಗಿಯನ್ನು ಬ್ರಹ್ಮಾವರದ ಕಡೆಗೆ ಕೊಟ್ಟಿದ್ದೆವು. ಭಾವ ಚಾ ತೋಟಗಳ ಊರು ಕುನ್ನೂರಿನಲ್ಲಿ ಹೋಟೆಲ್ ಇಟ್ಟಿದ್ದ, ಅವರ ಸಂಸಾರವೂ ಅಲ್ಲೇ. ಮದುವೆಯಾಗಿ ಏಳು ವರ್ಷದ ಮೇಲೆ, ಒಂದು ಜನವರಿಯ ಬೆಳಿಗ್ಗೆ, ಅವಳೊಬ್ಬಳೇ ಆಟೋದಿಂದ ಇಳಿದಳು. ಹೆಗಲಲ್ಲಿ ಒಂದು ಬಟ್ಟೆಯ ಚೀಲ, ಕಂಕುಳಲ್ಲಿ ಒಂದು ಮಣ್ಣಿನ ಕುಂಡ. ಕುಂಡದಲ್ಲಿ ಮೊಣಕಾಲೆತ್ತರದ ಗಿಡ, ಹೊಳೆಯುವ ದಪ್ಪ ಎಲೆ. ಅವಳ ತುಟಿ ಒಡೆದಿತ್ತು. ಕಿವಿಯ ಹಿಂದೆ ರಕ್ತ ಒಣಗಿತ್ತು.

"ಇದೆಂತ ಹೆಣೆ?" ಅಂತ ಅಬ್ಬೆ ಮಗಳನ್ನು ಕೇಳಿದ್ದು ತುಟಿಯನ್ನು ನೋಡಿ. ಅವಳು ಉತ್ತರ ಕೊಟ್ಟದ್ದು ಗಿಡದ ಬಗ್ಗೆ. "ಕ್ಯಾಮೆಲಿಯಾ ಅಂಬ್ರ್. ಚಾ ಗಿಡದ ಜಾತಿ. ಇದ್ ಗಿಡ್ಡದ್, ಕುಂಡದಗೇ ಇರತ್ತ್." ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಯ್ಯ, ನಂಗೆ ಬೇರೆ ಎಂತದೂ ಬ್ಯಾಡ. ಯಾರೂ ಕೈ ಎತ್ತದ ಒಂದ್ ಜಾಗ ಬೇಕ್."

"ಈ ಮನಿಯಗೆ ನಿನ್ ಮೇಲೆ ಕೈ ಎತ್ತುವ ಗಂಡ್ಸ್ ಇಲ್ಲೆ," ಅಂದೆ. ಎದೆ ತಟ್ಟಿಕೊಂಡೇ ಅಂದೆ.

ಆಗ ಯಾರಾದರೂ ಹತ್ತಿರದಲ್ಲಿ ಬೇಗನೆ ಕೈ ಎತ್ತಿದರೆ ಸಾಕು, ಅವಳ ಎಡ ಮೊಣಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತಿತ್ತು. ತಲೆ ಬಾಚಲು ಅಬ್ಬೆ ಬಾಚಣಿಗೆ ಎತ್ತಿದರೂ ಅಷ್ಟೇ.

ಏಪ್ರಿಲ್‌ನಲ್ಲಿ ಭಾವ ಬಂದ. ಕಾರು ಅಂಗಳದವರೆಗೂ ತಂದ. ಅವಳು ಬಾವಿಕಟ್ಟೆಯ ಹಿಂದೆ, ನೆರಳಿನಲ್ಲಿಟ್ಟ ಕುಂಡಕ್ಕೆ ಒದ್ದೆ ಗೋಣಿ ಸುತ್ತುತ್ತಿದ್ದಳು. ಒಂದು ಮಾತಿಲ್ಲ ಕತೆಯಿಲ್ಲ, ಜಡೆಗೆ ಕೈ ಹಾಕಿ ದರದರ ಎಳೆದ. ನಾನು ತೆಂಗಿನ ಬುಡದಲ್ಲಿ ಬಿದ್ದಿದ್ದ ಕೊತ್ತಳಿಗೆ ಎತ್ತಿಕೊಂಡೆ. ಒಣಗಿದ ಗರಿಯ ಬುಡದ ಆ ದಿಂಡಿನ ಪೆಟ್ಟು ತಿಂದವನಿಗೇ ಗೊತ್ತು. ಮೊದಲ ಪೆಟ್ಟು ಬೆನ್ನಿಗೆ, ಎರಡನೆಯದು ಭುಜಕ್ಕೆ. ಮೂಳೆ ಲಟಕ್ ಅಂದದ್ದು ನನಗೇ ಕೇಳಿತು. ಬಿದ್ದವನಿಗೂ ಹೊಡೆದೆ. ಕೊತ್ತಳಿಗೆ ಸೀಳಿ ಎರಡಾಗುವವರೆಗೆ ಹೊಡೆದೆ, ಅವನ ಮೂಗಿನ ರಕ್ತ ಕ್ಯಾಮೆಲಿಯಾದ ಎಲೆಯವರೆಗೆ ಹಾರಿತು. "ಬಿಡ್ ಅಣ್ಣಯ್ಯ, ಸತ್ತ್ ಹೋತ್ರ್!" ಅಂತ ತಂಗಿ ಕೂಗಿದ ಮೇಲೆಯೇ ಕೈ ನಿಂತಿದ್ದು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಊರವರು ಶಾಬಾಸ್ ಅಂದರು. ತಂಗಿ ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು.

ಗಿಡಕ್ಕೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಗುಡ್ಡೆಯ ಕೆಂಪು ಮಣ್ಣು, ಹಲಸಿನ ಮರದಡಿ ಕೊಳೆತ ತರಗೆಲೆ, ತೊಳೆದ ತೆಂಗಿನ ನಾರು. ಬೆಳಗಿನ ಎಳೆ ಬಿಸಿಲು ಮಾತ್ರ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಎರಡು ಇಟ್ಟಿಗೆಯ ಮೇಲೆ ಕುಂಡ. "ಇದ್ಕೆ ಹುಳಿ ಮಣ್ಣೇ ಆಯ್ಕ್. ಸುಣ್ಣ, ಬೂದಿ ಮುಟ್ಸುಕಾಗ," ಅಂತ, ಗಿಡ ಕೊಟ್ಟ ಕುನ್ನೂರಿನ ನರ್ಸರಿಯವನ ಮಾತನ್ನು ನಮಗೆ ನೂರು ಸಲ ಹೇಳಿದ್ದಳು. ಕೋಟೇಶ್ವರದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸವೂ ಸಿಕ್ಕಿತು. ಮಳೆ ಬಿಡುವ ಹೊತ್ತಿಗೆ ಗಿಡದಲ್ಲಿ ಕಡಲೆ ಗಾತ್ರದ ಮೊಗ್ಗು ಕಾಣಿಸಿತು. ಅವಳ ಮೊಣಕೈ ಏಳುವುದೂ ನಿಂತಿತ್ತು.

ನಮ್ಮಲ್ಲಿ ಬಚ್ಚಲ ಒಲೆಯ ಬೂದಿಯನ್ನು ಯಾರೂ ಬಿಸಾಡುವುದಿಲ್ಲ. ತೆಂಗಿಗೆ, ಮಲ್ಲಿಗೆಗೆ, ಬಸಳೆ ಚಪ್ಪರಕ್ಕೆ, ಎಲ್ಲದಕ್ಕೂ ಅದೇ. ಮೊಗ್ಗು ದಪ್ಪವಾಗಲಿ, ತಂಗಿಗೆ ಖುಷಿಯಾಗಲಿ ಅಂತ, ಅವಳು ಬಸ್ಸಿಗೆ ಹೋದ ಮೇಲೆ ನಾನು ದಿನಕ್ಕೊಂದು ಕರಟ ಬೂದಿಯನ್ನು ತರಗೆಲೆಯ ಅಡಿಗೆ ಸುರಿದೆ. ನೂರು ಸಲ ಕೇಳಿಸಿಕೊಂಡಿದ್ದೆ, ನಿಜ. ಕುನ್ನೂರಿನ ನರ್ಸರಿಯವನಿಗೆ ನಮ್ಮೂರಿನ ಬೂದಿಯ ವಿಷಯ ಏನು ಗೊತ್ತು ಅನ್ನುವ ಅಹಂಕಾರ. ತಿಂಗಳೊಳಗೆ ಎಲೆ ಹಳದಿಯಾಯಿತು, ಮೊಗ್ಗು ಉದುರಿತು.

ಒಂದು ಭಾನುವಾರ ಅವಳು ತರಗೆಲೆ ಸರಿಸಿ ನೋಡಿದಳು.

"ಬೂದಿ ಹಾಕಿದ್ದ್ ಯಾರ್?"

"ನಾನೇ. ಎಂತ ಈಗ?"

"ನಿಂಗೆ ಎಷ್ಟ್ ಸಲ ಹೇಳಿದ್ದೆ ನಾನ್? ನನ್ನ್ ಒಂದ್ ಮಾತಾರೂ ನಿನ್ನ್ ಕೆಮಿಗೆ ಹೋತಾ?"

"ಒಂದ್ ಗಿಡಕ್ಕೆ ಇಷ್ಟ್ ಹಾರುದಾ? ಗಂಡನ್ ಕೈಯಿಂದ ನಿನ್ನ್ ಬಿಡ್ಸಿದ್ದ್ ಯಾರ್?"

"ಅದನ್ನ್ ಇನ್ನೂ ಎಷ್ಟ್ ವರ್ಷ ಹೇಳ್ತಿ?" ಅಂದಳು.

ಅಷ್ಟೇ. ಕೈ ಎದ್ದಿತು. ನನ್ನ ಕೈ ತಲುಪುವ ಮೊದಲೇ ಅವಳ ಎಡ ಮೊಣಕೈ ಅಡ್ಡ ಬಂದಿತ್ತು. ಏಟು ಅದಕ್ಕೆ ತಗುಲಿತು. ಕೆನ್ನೆ ತಪ್ಪಿತಲ್ಲ ಅಂತ ಇನ್ನೊಂದು ಬಿಗಿದೆ, ಅದು ತಪ್ಪಲಿಲ್ಲ. ಮೊದಲನೆಯದನ್ನು ಸಿಟ್ಟು ಅನ್ನಬಹುದು. ಎರಡನೆಯದಕ್ಕೆ ಏನನ್ನುವುದು, ನೀವೇ ಹೇಳಿ. ಥೂ, ನನ್ನ ಜನ್ಮಕ್ಕಿಷ್ಟು! ಅಲ್ಲಿಗೂ ನಿಲ್ಲದೆ ಕುಂಡಕ್ಕೆ ಒದ್ದೆ. ಅದು ಬಾವಿಕಟ್ಟೆಗೆ ಬಡಿದು ಚೂರಾಯಿತು. ಬೇರು ಅಂಗಳದಲ್ಲಿ ಹರಡಿಕೊಂಡಿತು.

ಅವಳು ಅಳಲಿಲ್ಲ. ಹಂಡೆಯಲ್ಲಿ ಹಿಡಿದಿಟ್ಟ ಮಳೆನೀರಿನಲ್ಲಿ ಬೇರನ್ನು ಮೂರು ಸಲ ತೊಳೆದಳು. ಹಳೆಯ ಪೇಂಟಿನ ಬಕೆಟ್ಟಿನ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಹೊಸ ಮಣ್ಣು ತುಂಬಿ, ಗಿಡ ನೆಟ್ಟಳು. ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಕೆಂಪಗೆ ಎದ್ದಿದ್ದವು. ಬಟ್ಟೆಯ ಚೀಲ ತಂದಾಗ ಅಬ್ಬೆ ಬಾಗಿಲಿಗೆ ಅಡ್ಡ ನಿಂತಳು.

"ಅಣ್ಣ ಅಲ್ದಾ ಮಗಾ, ಸಿಟ್ಟಗೆ ಹೊಡ್ದ."

"ಅವ್ರೂ ಸಿಟ್ಟಗೇ ಹೊಡಿತಿದ್ರ್ ಅಬ್ಬೆ," ಅಂದಳು ತಂಗಿ.

ಕೋಟೇಶ್ವರದಲ್ಲಿ ಅಂಗಡಿಯ ಹಿಂದೆಯೇ ಬಾಡಿಗೆ ಕೋಣೆ ಹಿಡಿದಳು. ಎರಡು ತಿಂಗಳು ನನಗೆ ಆ ಕಡೆ ಹೋಗುವ ಮುಖವಿರಲಿಲ್ಲ. ಆಮೇಲೆ ತಿಂಗಳಿಗೊಮ್ಮೆ ಗುಡ್ಡೆಯ ಮಣ್ಣು, ಹಲಸಿನ ತರಗೆಲೆ ಗೋಣಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಮೊದಲು ಗೋಣಿ ಮಾತ್ರ ಒಳಗೆ ಹೋಗುತ್ತಿತ್ತು. ವರ್ಷ ಕಳೆದ ಮೇಲೆ ಚಾ ಸಿಕ್ಕಿತು. "ತಪ್ಪಾಯ್ತ್" ಅಂತ ಹೇಳಿದೆ. "ಆಯ್ತ್ ಬಿಡ್" ಅಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಈ ಜನವರಿಯಲ್ಲಿ ಹೋದಾಗ ಬಾಗಿಲಲ್ಲೇ ನಗುತ್ತಿದ್ದಳು. "ಬಾ ಅಣ್ಣಯ್ಯ, ಕಾಣ್!" ಹಿತ್ತಿಲಿನ ಗೋಡೆಯ ನೆರಳಿನಲ್ಲಿ ಅದೇ ಬಕೆಟ್ಟು. ನಾಲ್ಕು ಹೂ ಬಿಟ್ಟಿದ್ದವು, ಎಸಳಿನ ಮೇಲೆ ಎಸಳು, ನಸುಗೆಂಪು. ನಾವಿಬ್ಬರೂ ಪಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ಅವಳ ತಲೆಗೂದಲಿನಲ್ಲಿ ಹೊಲಿಗೆಯ ನೂಲೊಂದು ಸಿಕ್ಕಿಕೊಂಡಿತ್ತು. ತೆಗೆಯೋಣ ಅಂತ ಕೈ ಎತ್ತಿದೆ.

ಅವಳ ಎಡ ಮೊಣಕೈ ಮುಖಕ್ಕೆ ಅಡ್ಡ ಬಂತು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಹೂ ಚಂದ ಆಯ್ತ್ ಹೆಣೆ," ಅಂದೆ. ಅವಳು ಮೊಣಕೈ ಇಳಿಸಿ, ಒಂದಷ್ಟು ಆಚೆ ಸರಿದು ಕೂತಳು.