ಮುಳಬಾಗಿಲ ಹೋಟೆಲು, ಪಕ್ಕದ ಮನೆಯ ಬಾವಿ

ಮದುವೆಯಾದ ಮೊದಲ ಕೆಲವು ವರ್ಷ ನಾನು ಗಂಡನನ್ನು ಮಳೆಗಾಲದಲ್ಲಿ ಮಾತ್ರ ಕಂಡವಳು. ಕುಂದಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಇದೇನೂ ವಿಶೇಷವಲ್ಲ. ಗಂಡಸರು ಘಟ್ಟ ಹತ್ತಿ ಹೋಗಿ ಸಿಕ್ಕಿದ ಊರಿನಲ್ಲಿ ಕಾಫಿ ಹೋಟೆಲು ಇಡುತ್ತಿದ್ದರು. ಗದ್ದೆ ನಾಟಿಗೆ ಊರಿಗೆ ಇಳಿಯುತ್ತಿದ್ದರು. ಮಳೆ ತೆಳುವಾದ ಮೇಲೆ ಮತ್ತೆ ಘಟ್ಟ ಹತ್ತುತ್ತಿದ್ದರು. ನಮ್ಮವರ ಹೋಟೆಲು ಇದ್ದದ್ದು ಮುಳಬಾಗಿಲಲ್ಲಿ, ಮದರಾಸು ರಸ್ತೆಯ ಬಸ್ಸು ನಿಲ್ಲುವ ಜಾಗದ ಎದುರಿಗೆ. ಹೋಟೆಲು ಅಂದರೆ ಎರಡು ಬೆಂಚು, ಒಂದು ಒಲೆ, ಹಿಂದೆ ಒಂದು ಕೋಣೆ. ಊರಲ್ಲಿ ಅವರು ಅದನ್ನು ವರ್ಣಿಸುತ್ತಿದ್ದುದನ್ನು ಕೇಳಿದರೆ ಅರಮನೆಯ ಪಕ್ಕದಲ್ಲೇ ಇದೆ ಅನ್ನಿಸುತ್ತಿತ್ತು.

ಒಂದು ವರ್ಷ ಅಡುಗೆಯವನು ಕೋಲಾರದ ದೊಡ್ಡ ಹೋಟೆಲಿಗೆ ಹೊರಟುಹೋದ. ನಮ್ಮವರು ಹೆದರುತ್ತ ಹೆದರುತ್ತ, ನನ್ನನ್ನು ಕರೆದುಕೊಂಡು ಹೋಗುತ್ತೇನೆಂದು ತಾಯಿಯನ್ನು ಕೇಳಿದರು. ಅತ್ತೆ ಬಹಳ ಹೊತ್ತು ಬಾಯಲ್ಲಿದ್ದ ಎಲೆಯಡಿಕೆ ಜಗಿದರು.

"ಒಂದ್ ಬ್ಯಾಸ್ಗಿ ಕಾಣಿ. ನಡೀದಿದ್ರೆ ಬಾಗ್ಲ್ ಹಾಕಿ ಇಬ್ರೂ ಬಂದ್ ಅಣ್ಣನ್ ಒಟ್ಟಿಗ್ ಇರಿ" ಎಂದರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಮನೆಯಲ್ಲಿ ನಾನು ಮೂರನೆಯ ಸೊಸೆ. ಸಾರಿಗೆ ಉಪ್ಪು ಹಾಕುವ ಅಧಿಕಾರ ದೊಡ್ಡ ಓರಗಿತ್ತಿಯದು, ರುಚಿ ನೋಡುವ ಅಧಿಕಾರ ನಡುವಿನವಳದು, ಸೌಟು ತೊಳೆಯುವ ಅಧಿಕಾರ ನನ್ನದು. ಹೋಟೆಲು ಉಳಿದರೆ ನನಗೆ ನನ್ನದೇ ಒಲೆ. ಮುಳುಗಿದರೆ ಮತ್ತೆ ಆ ಸೌಟು. ನಮ್ಮವರಿಗೆ ಅದು ಬರೀ ವ್ಯಾಪಾರ. ನನಗೆ ಹಾಗಿರಲಿಲ್ಲ.

ಶಿವಮೊಗ್ಗದಿಂದ ರೈಲು, ಆಮೇಲೆ ಬಸ್ಸು. ಕೋಲಾರ ದಾಟಿದ ಮೇಲೆ ಕಿಟಕಿಯ ಆಚೆ ಬಂಡೆಗಳೇ ಬಂಡೆಗಳು. ಇಷ್ಟೊಂದು ಆಕಾಶವನ್ನು ನಾನು ಒಟ್ಟಿಗೆ ನೋಡಿಯೇ ಇರಲಿಲ್ಲ. "ಇಲ್ಲಿ ಮರ ಎಲ್ಲಿ?" ಎಂದು ಕೇಳಿದ್ದಕ್ಕೆ ನಮ್ಮವರು ದೂರದಲ್ಲಿದ್ದ ಒಂದು ಹುಣಸೆಮರವನ್ನು ತಾವೇ ನೆಟ್ಟವರಂತೆ ಹೆಮ್ಮೆಯಿಂದ ತೋರಿಸಿದರು.

ಗಿರಾಕಿಗಳು ನನಗೆ ಬೇಗ ಹಿಡಿಸಿದರು. ಕಚೇರಿ ಕೆಲಸಕ್ಕೆ ಬಂದ ರೈತರು, ಶ್ರೀನಿವಾಸಪುರದಿಂದ ಹುಣಸೆಹಣ್ಣು ಹೇರಿಕೊಂಡು ಬರುವ ಗಾಡಿಯವರು, ಸಂತೆಗೆ ಹೋಗುವ ಬಳೆ ಸಾಬರು. ಅರ್ಧ ಕನ್ನಡ, ಅರ್ಧ ತೆಲುಗು. ಕೊನೆಗೆ ಏನು ಬೇಕೆಂಬುದು ಕೈಸನ್ನೆಯಲ್ಲಿ ಗೊತ್ತಾಗುತ್ತಿತ್ತು. ಮೊದಲ ದಿನ ನಾನು ಊರಿಂದ ತಂದ ಕೊಬ್ಬರಿ ಎಣ್ಣೆಯಲ್ಲಿ ದೋಸೆ ಹುಯ್ದೆ. ಒಬ್ಬ ಗಾಡಿಯವನು ಮೂಸಿ ನೋಡಿ, "ಅಮ್ಮಾ, ಇದು ತಿನ್ನೋಕಾ, ತಲೆಗೆ ಹಚ್ಕೊಳ್ಳೋಕಾ?" ಎಂದ. ಮಾರನೆಯ ದಿನದಿಂದ ಕಡಲೆಕಾಯಿ ಎಣ್ಣೆ. ಅಲ್ಲಿಗೆ ಪಾಠವೆಲ್ಲ ಮುಗಿಯಿತೆಂದುಕೊಂಡೆ.

ನೀರು ಪಕ್ಕದ ಮನೆಯ ಬಾವಿಯದು. ಆ ಮನೆಯ ಯಜಮಾನಿ ನಡುವಯಸ್ಸಿನ ಹೆಂಗಸು, ಎಮ್ಮೆ ಸಾಕಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಮೊದಲ ದಿನವೇ ಅವಳು "ಸೇದ್ಕೋ ಹೋಗಮ್ಮಾ, ಅದಕ್ಯಾಕೆ ಕೇಳ್ತೀಯ" ಅಂದಿದ್ದಳು. ನಾನು ಸೇದಿದೆ. ನಮ್ಮ ಕಡೆಯ ಹೆಂಗಸರ ಕೈಗೆ ನೀರು ಸಿಕ್ಕಿದರೆ ಕೇಳಬೇಕೇ! ಅಕ್ಕಿಯನ್ನು ತೊಳೆದ ನೀರು ತಿಳಿಯಾಗುವ ತನಕ ತೊಳೆದೆ. ನೆಲವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಳಿದೆ. ಹಿತ್ತಾಳೆಯ ತಟ್ಟೆಗಳನ್ನು ಕೊಡಗಟ್ಟಲೆ ನೀರು ಸುರಿದು ಬೆಳಗಿದೆ. ಎಲ್ಲ ನೀರೂ ರಸ್ತೆಯ ಧೂಳಿಗೆ ಹೋಗಿ ಬೀಳುತ್ತಿತ್ತು. ನನ್ನ ಹೋಟೆಲು ಊರಿನಲ್ಲೇ ಚೊಕ್ಕಟ ಎಂದು ಬೀಗುತ್ತಿದ್ದೆ. ಅದನ್ನು ಈಗಲೂ ತಪ್ಪೆಂದು ನಾನು ಒಪ್ಪುವುದಿಲ್ಲ. ನಮ್ಮೂರಿನ ಬಾವಿಗೆ ಬಗ್ಗಿದರೆ ನೀರು ಕೈಗೆ ಸಿಗುತ್ತಿತ್ತು. ನೀರಿಗೂ ತಳ ಇರುತ್ತದೆಂದು ನನಗೆ ಹೇಳಿದವರು ಯಾರು?

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೊಡ ಹಿಡಿದು ಹೋದರೆ ರಾಟೆ ಬರಿದಾಗಿತ್ತು. ಹಗ್ಗವೂ ಇಲ್ಲ, ಬಿಂದಿಗೆಯೂ ಇಲ್ಲ. ಆ ಊರಿನ ರೂಢಿ ನಂತರ ತಿಳಿಯಿತು. ಬೇಸಗೆಯಲ್ಲಿ ಬಾವಿಯವರು ಹಗ್ಗವನ್ನು ಒಳಗೆ ಎತ್ತಿಟ್ಟರೆ ಬಾವಿ ಮುಚ್ಚಿದಂತೆ. ಜಗಳವಿಲ್ಲ, ಮಾತಿಲ್ಲ, ಯಾರೂ ಕೇಳುವಂತೆಯೂ ಇಲ್ಲ. ನಾನು ಕೇಳಿದೆ.

ಅಕ್ಕ ಹೊಸಿಲಿಗೆ ಬಂದಳು. ಅವಳಿಗೆ ಸಿಟ್ಟು ಬಂದರೆ ಮಾತು ತೆಲುಗಿನಲ್ಲಿ ಶುರುವಾಗುತ್ತಿತ್ತು. "ಚಾಲಮ್ಮಾ ಚಾಲು! ಸಾಕು! ಬಗ್ಗಿ ನೋಡು ಬಾವೀನ, ತಳದಾಗೆ ಕೆಸರು ಕಾಣ್ತೈತೆ. ನನ್ನ ಎಮ್ಮೆಗಳು ಏನು ಕುಡೀಬೇಕು? ನೀನು ರಸ್ತೆಗೆ ಎರೆದಿರೋ ನೀರಾಗೆ ಒಂದು ಮಡಿ ರಾಗಿ ಬೆಳೀಬೋದಿತ್ತು!"

ಬಗ್ಗಿ ನೋಡಿದೆ. ನಿಜವಾಗಿಯೂ ಕೆಸರು ಕಾಣುತ್ತಿತ್ತು. ಬಾವಿಯ ತಳ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ನಮ್ಮವರು ಹೋಟೆಲಿನ ಬಾಗಿಲು ಎಳೆದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. "ನೀರಿಲ್ಲದೆ ಕಾಫಿ ಹೋಟೆಲ್ ಎಂತದ್ದು? ಅಮ್ಮ ಹೇಳಿದ್ದೇ ಸರಿ, ಹೊರಡುವ" ಅಂದರು. ಪಾತ್ರೆಗಳನ್ನು ಗೋಣಿಗೆ ತುಂಬಲೂ ತೊಡಗಿದರು. ಗಂಡಸರಿಗೆ ಸೋಲಲು ಇಷ್ಟು ಅವಸರ ಯಾಕೋ! ನನಗೆ ಸೌಟು ನೆನಪಾಯಿತು. ಅವರು ಗೋಣಿಗೆ ಹಾಕಿದ್ದ ತಪ್ಪಲೆಯನ್ನು ಹೊರಗೆಳೆದು ಅದೇ ಕೈಯಲ್ಲಿ ಅಕ್ಕನ ಮನೆಗೆ ನಡೆದೆ.

"ಅಕ್ಕಾ, ನಿಮ್ಮ ಎಮ್ಮೆ ಅಕ್ಕಿ ತೊಳೆದ ನೀರು ಕುಡೀತದಾ?" ಎಂದು ಕೇಳಿದೆ.

ಅವಳು ನನ್ನನ್ನು ಪೆದ್ದಿ ಎಂಬಂತೆ ನೋಡಿದಳು. "ಕುಡೀದೆ ಏನು? ಕಲಗಚ್ಚು ಅಂದ್ರೆ ಪ್ರಾಣ ಬಿಡ್ತವೆ."

"ಹಾಗಾದ್ರೆ ಹೋಟೆಲಿನ ಅಕ್ಕಿ ತೊಳೆದದ್ದು, ಗಂಜಿ ಬಸಿದದ್ದು, ತರಕಾರಿ ಸಿಪ್ಪೆ ಎಲ್ಲ ನಿಮಗೇ. ಒಂದು ತೊಟ್ಟು ರಸ್ತೆಗೆ ಹೋಗೂದಿಲ್ಲ. ನೀವು ಹಗ್ಗ ಕೊಡಿ. ಕಾಫಿಗೆ ಹಾಲೂ ನಿಮ್ಮತ್ರವೇ ತಕೊಳ್ತೇವೆ."

ಅಕ್ಕ ಎಮ್ಮೆಯ ಬೆನ್ನು ಸವರುತ್ತ ಯೋಚಿಸಿದಳು. "ತಟ್ಟೆ ತೊಳೆಯೋ ನೀರು?" ಎಂದಳು. ನಾನು ಕೈಯಲ್ಲಿದ್ದ ತಪ್ಪಲೆಯನ್ನೇ ತಿರುವಿ ನೋಡಿದೆ. "ಅಯ್ಯೋ ಪೆದ್ದೀ, ತಟ್ಟೆ ಯಾಕೆ? ಆವನಿ ಕಡೆಯಿಂದ ಒಬ್ಬಳು ಮುತ್ತುಗದೆಲೆ ಹೊತ್ಕೊಂಡು ಸಂತೆಗೆ ಬರ್ತಾಳೆ. ಎಲೇಲಿ ತಿಂದು ಬಿಸಾಕ್ಲಿ. ಆ ಎಲೆ ನನ್ನ ತಿಪ್ಪೆಗೆ" ಎಂದು ಅವಳೇ ತೀರ್ಮಾನ ಕೊಟ್ಟಳು. ಚೌಕಾಸಿಯಲ್ಲಿ ಅವಳೇ ಗೆದ್ದಳು. ನನಗೆ ಹಗ್ಗ ಸಿಕ್ಕಿತು.

ಹಗ್ಗ ಬೆಳಗಿನ ಜಾವ ಹೊರಗೆ, ಬಿಸಿಲೇರಿದ ಮೇಲೆ ಒಳಗೆ. ಹಗಲೆಲ್ಲ ಬಾವಿಯಲ್ಲಿ ನೀರು ಊರಬೇಕು. ಸೊಪ್ಪು ತೊಳೆದ ನೀರಲ್ಲಿ ಗೆಡ್ಡೆ ತೊಳೆಯುವುದು, ಪಾತ್ರೆಗಳನ್ನು ಮೊದಲು ಒಣ ಬೂದಿಯಲ್ಲಿ ತಿಕ್ಕಿ ಒರೆಸುವುದು, ಕೊನೆಯಲ್ಲಿ ಮಾತ್ರ ಒಂದು ಚೊಂಬು ನೀರು ಹಾಕುವುದು, ಇವನ್ನೆಲ್ಲ ಕಲಿತೆ. ಮೊದಮೊದಲು ನನ್ನ ಕೈಗೇ ನನ್ನ ಮೇಲೆ ಸಿಟ್ಟು. ಬರುಬರುತ್ತ ಅದೊಂದು ಆಟವಾಯಿತು. ನಮ್ಮ ಕಲಗಚ್ಚು ಕುಡಿದ ಎಮ್ಮೆಯ ಹಾಲು ಗಟ್ಟಿಯಾಯಿತು, ಗಟ್ಟಿ ಹಾಲಿನ ಕಾಫಿಗೆ ಬಸ್ಸಿನ ಡ್ರೈವರುಗಳು ಬೇಕೆಂದೇ ನಿಧಾನ ಮಾಡತೊಡಗಿದರು. ಆ ಬೇಸಗೆಯ ಸಂಜೆಗಳಲ್ಲಿ ಅಕ್ಕ ಹೋಟೆಲಿನ ಹಿಂಬಾಗಿಲಲ್ಲಿ ಕೂತು, ತನ್ನದೇ ಹಾಲಿನ ಕಾಫಿ ಕುಡಿದು, "ಸಕ್ಕರೆ ಸಾಲ್ದು ಕಣೇ" ಎನ್ನುತ್ತಿದ್ದಳು. ನನಗೆ ಅಷ್ಟು ಸುಖದ ದಿನಗಳು ಅದಕ್ಕೆ ಮೊದಲು ಇರಲಿಲ್ಲ.

ಬೇಸಗೆ ದಾಟಿತು, ಹೋಟೆಲು ಉಳಿಯಿತು. ನಾಟಿಗೆಂದು ಇಬ್ಬರೂ ಊರಿಗೆ ಇಳಿದೆವು. ಅಲ್ಲಿ ಅತ್ತೆ ಹೊಸ ಮಾತು ತೆಗೆದರು: ದೊಡ್ಡ ಓರಗಿತ್ತಿಗೆ ಬೆನ್ನು ನೋವು, ಗದ್ದೆಗೆ ಕೈ ಸಾಲದು, ಈ ಸಲ ಮಗನೊಬ್ಬನೇ ಹೋಗಲಿ. ನಮ್ಮವರು ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಕೊನೆಗೆ ತಮ್ಮ ಊಟದೆಲೆಯನ್ನೇ ನೋಡಿದರು. ಅತ್ತೆಗೆ ಎದುರು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಎಮ್ಮೆಯವಳ ಹತ್ತಿರ ಚೌಕಾಸಿ ಮಾಡಿದ ನನಗೂ ಇರಲಿಲ್ಲ. ಅತ್ತೆ ಕೆಟ್ಟವರೂ ಅಲ್ಲ. ಕೆಟ್ಟವರಾಗಿದ್ದರೆ ಎದುರಾಡುವುದು ಸುಲಭವಾಗುತ್ತಿತ್ತು.

ಮಳೆ ಹಿಡಿದದ್ದು ಬಿಡಲಿಲ್ಲ. ಅಂಗಳದಲ್ಲಿ ನೀರು, ಗದ್ದೆಯಲ್ಲಿ ನೀರು, ಬಾವಿ ತುಂಬಿ ಕಟ್ಟೆಯ ಮೇಲಿಂದ ಹರಿಯುವ ನೀರು. ಒಂದು ಮಧ್ಯಾಹ್ನ ಅಕ್ಕಿ ತೊಳೆದು, ತೊಳೆದ ನೀರಿನ ಪಾತ್ರೆ ಹಿಡಿದುಕೊಂಡು ಹಿಂಬಾಗಿಲಿಗೆ ಬಂದೆ. ದನಗಳ ಕಲಗಚ್ಚಿನ ತೊಟ್ಟಿ ಆಗಲೇ ತುಂಬಿತ್ತು. ಚೆಲ್ಲಬೇಕು, ಅಷ್ಟೇ. ಕೈ ಬಗ್ಗಲಿಲ್ಲ. ನಡುವಿನ ಓರಗಿತ್ತಿ ಹಿಂದಿನಿಂದ, "ಎಂತದೆ, ನೀರಿಗ್ ಪೂಜೆ ಮಾಡ್ತ್ಯಾ?" ಎಂದು ನಕ್ಕಳು. ನನಗೂ ನಗು ಬಂತು. ನಗುತ್ತ ನಗುತ್ತಲೇ ಅಳು ಬಂದುಬಿಟ್ಟಿತು. ಬಂಡೆಗಳ ಆ ಊರು, ಸಂಜೆಯ ಕಾಫಿ, ಹಿಂಬಾಗಿಲಲ್ಲಿ ಕೂತ ಅಕ್ಕ, ಎಲ್ಲವೂ ಬೇಕೆನಿಸಿತು. ಹುಟ್ಟಿದ ಸೀಮೆಯಲ್ಲಿ ನಿಂತು ನಾನು ಪರ ಊರಿಗಾಗಿ ಅಳುತ್ತಿದ್ದೆ.

ಅತ್ತೆ ಜಗಲಿಯಿಂದ ಎದ್ದು ಬಂದರು. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಸುರಿಯುವ ಮಳೆಗೆ ಚೆಲ್ಲಿದರು. ಅಂಗಳದ ನೀರಿನ ಕಡೆ ಕೈ ತೋರಿಸಿದರು.

"ಇಷ್ಟ್ ನೀರ್ ಸಾಲ್ದಾ ಮಾರಾಯ್ತಿ, ನಿನ್ ಕಣ್ಣೀರೂ ಬೇಕಾ ಈ ಮನಿಗೆ?" ಎಂದರು. "ನಾಟಿ ಮುಗ್ಸಿ ಹೊರಡ್. ನಿನ್ನೂರಿಗ್ ಹೋಗ್."

ಅಲ್ಲಿಯವರೆಗೆ ಅವರ ಬಾಯಲ್ಲಿ ಮುಳಬಾಗಿಲು 'ಆ ಘಟ್ಟದ ಮೇಲಿನ ಊರು'. 'ನಿನ್ನೂರು' ಎಂದದ್ದನ್ನು ಓರಗಿತ್ತಿ ಕೇಳಿಸಿಕೊಂಡಳು, ಒಳಗಿದ್ದ ನಮ್ಮವರು ಕೇಳಿಸಿಕೊಂಡರು. ಯಾರೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.