ಕ್ಯಾನಿಗೆ ಸೇರಿದ ಒಂದು ಚೊಂಬು ಹಾಲು

ಇವತ್ತು ಬೆಳಿಗ್ಗೆ ಚಳ್ಳಕೆರೆಯಲ್ಲಿ ವ್ಯಾನಿಗೆ ಹಾಲಿನ ಕ್ಯಾನುಗಳನ್ನು ಏರಿಸುವ ಸದ್ದು ಕೇಳಿ, ನನ್ನಿವಾಳದ ನಮ್ಮ ಹಳೆಯ ಮನೆ ಕಣ್ಮುಂದೆ ಬಂತು.

ನಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಹಾಲಿನಲ್ಲಿ ಔಷಧಿಯ ಅಂಶ ಇಳಿಯುವ ತನಕ ಹಾಲು ಯಾರಿಗೂ ಕೊಡಬೇಡಿ ಎಂದಿದ್ದರು. ಅವ್ವ ದಿನವೂ ಹಾಲು ಕರೆದು, ನೊರೆಯ ಸಮೇತ ತಿಪ್ಪೆಗೆ ಸುರಿಯುತ್ತಿದ್ದಳು. ಪಕ್ಕದ ಮನೆಯ ರುದ್ರಕ್ಕನ ಹಸುವಿಗೂ ಅದೇ ಇಂಜೆಕ್ಷನ್ ಆಗಿತ್ತು. ಒಂದು ಬೆಳಿಗ್ಗೆ ಅವಳು ಖಾಲಿ ಚೊಂಬು ಹಿಡಿದು ಡೈರಿಯಿಂದ ಬರುವುದನ್ನು ಅವ್ವ ಕಂಡಳು.

“ಯಾಕೆ ಹಾಕ್ದೆ ರುದ್ರಿ? ಡಾಕ್ಟ್ರು ಹೇಳಿರ್ಲಿಲ್ವಾ?”

“ಅಷ್ಟು ಹಾಲ್ನಾಗೆ ನಂದೊಂದು ಚೊಂಬು ಯಾರಿಗೆ ಗೊತ್ತಾಗ್ತೈತೆ, ಬಿಡಕ್ಕ.”

ಅವ್ವ ಡೈರಿಯತ್ತ ಓಡಿದಳು. ವ್ಯಾನು ಆಗಲೇ ಊರು ದಾಟಿತ್ತು.

ಸಂಜೆ ಅಪ್ಪ ನನ್ನ ಪುಟ್ಟ ತಂಗಿಗೆಂದು ನಾಯಕನಹಟ್ಟಿಯಿಂದ ಪ್ಯಾಕೆಟ್ ಹಾಲು ತಂದ. ಅವ್ವ ಅದನ್ನು ಮೂಸಿದಳು, ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. ಹಾಲು ಹಾಲಿನ ಹಾಗೇ ಇತ್ತು.

“ಇದ್ರಾಗೆ ಯಾವೂರಿನ ರುದ್ರಿ ಏನು ಸುರುವ್ಯಾಳೋ,” ಎಂದವಳು ಹಾಲನ್ನು ಪಕ್ಕಕ್ಕಿಟ್ಟು, ಅಳುತ್ತಿದ್ದ ಕೂಸಿಗೆ ರಾಗಿ ಗಂಜಿ ಕುಡಿಸಿದಳು.

ಇವತ್ತು ನಾನು ಮನೆಗೆ ಬಂದಾಗ ನನ್ನ ಮಗಳು ತುಟಿಯ ಮೇಲಿನ ಪ್ಯಾಕೆಟ್ ಹಾಲಿನ ಕೆನೆ ಒರೆಸಿಕೊಳ್ಳುತ್ತಾ ಖಾಲಿ ಲೋಟ ಮುಂದೆ ಚಾಚಿದಳು.

“ಇನ್ನೊಂದ್ ಸ್ವಲ್ಪ ಹಾಕಮ್ಮ.”