ಎದ್ದೇಳ್ಬ್ಯಾಡ ಕಣವ್ವ

ಡ್ರೈವರ್ ಮಾವನ ಬಲಗೈ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ಹರೆಯದಲ್ಲಿ ಬೆಟ್ಟದಪುರದ ಮೈದಾನದಲ್ಲಿ ಕ್ಯಾಚು ಹಿಡಿಯಲು ಹೋಗಿ ಮುರಿದುಕೊಂಡದ್ದು. ಮೂವತ್ತು ವರ್ಷ ಬಸ್ಸು ಓಡಿಸಿದರೂ ಆ ಬೆರಳು ಸ್ಟೀರಿಂಗ್ ಹಿಡಿಯಲೇ ಇಲ್ಲ. "ಕ್ಯಾಚು ಮಾತ್ರ ಬುಡ್ಲಿಲ್ಲ ಕಣವ್ವ" ಅಂತ ಅದನ್ನೇ ತೋರಿಸಿ ಬೀಗುತ್ತಿದ್ದರು.

ನೆಂಟರಲ್ಲ, ಪಕ್ಕದ ಮನೆಯವರು. ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ಮಾವ ಅಂದೆ, ಅವರ ಹೆಂಡತಿಯನ್ನು ಅತ್ತೆ ಅಂದೆ, ಅಷ್ಟೇ. ಅವರ ಕ್ರಿಕೆಟ್ ಹುಚ್ಚು ಅಂದರೆ ಅಯ್ಯಪ್ಪ, ಬೇಡ! ನಮ್ಮವರು ಔಟಾಗದೆ ಆಡುತ್ತಿದ್ದರೆ ಟಿವಿ ಮುಂದೆ ಕೂತವರು ಕೂತಲ್ಲೇ ಇರಬೇಕು. ಎದ್ದರೆ ವಿಕೆಟ್ ಬಿದ್ದ ಹಾಗೇ ಲೆಕ್ಕ. ಒಮ್ಮೆ ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಅತ್ತೆಯನ್ನು ಏಳಗೊಡಲಿಲ್ಲ. "ದೇಸ ಏನು ನನ್ ಕುಂಡಿ ಮ್ಯಾಲೆ ನಿಂತದಾ?" ಅಂತ ಅತ್ತೆ ಬಯ್ದರು.

ನಮ್ಮ ತಂಡ ಆಸ್ಟ್ರೇಲಿಯಾಕ್ಕೆ ಹೋಗಿ, ಮೊದಲ ಟೆಸ್ಟಿನಲ್ಲೇ ಮೂವತ್ತಾರು ರನ್ನಿಗೆ ಮುದುರಿಕೊಂಡು, ಆಮೇಲೆ ಒಬ್ಬೊಬ್ಬರಾಗಿ ಗಾಯ ಮಾಡಿಕೊಂಡ ಪ್ರವಾಸ ನೆನಪಿರಬೇಕಲ್ಲ? ಅದರ ಮೂರನೇ ಟೆಸ್ಟಿನ ಕೊನೇ ದಿನದ ಹಿಂದಿನ ಸಂಜೆ, ರಾಗಿ ಮೆದೆಯಿಂದ ಹೊರೆ ಎಳೆಯುವಾಗ ನಮ್ಮನೆಯವರಿಗೆ ಕೊಳಕುಮಂಡಲ ಹಾವು ಕಚ್ಚಿತು. ಮಾವ ತಮ್ಮ ಹಳೇ ವ್ಯಾನಿನಲ್ಲಿ ಹುಣಸೂರಿನ ಆಸ್ಪತ್ರೆಗೆ ಸೇರಿಸಿದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರೂ ಬೆಳಗಾದಾಗ ಒಸಡಿನ ರಕ್ತ ನಿಂತಿರಲಿಲ್ಲ. "ಮಧ್ಯಾಹ್ನದವರೆಗೆ ನೋಡೋಣ" ಅಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ನಾನು. ಪಕ್ಕದಲ್ಲಿ, ಮಾಸ್ಕು ಗದ್ದಕ್ಕಿಳಿಸಿ ಮೊಬೈಲಿನಲ್ಲಿ ಮ್ಯಾಚು ನೋಡುತ್ತಾ ಮಾವ. "ನಿಮ್ಮ ಆಟಕ್ಕಿಷ್ಟು ಬೆಂಕಿ ಹಾಕ! ಒಳಗೆ ಜೀವ ಓಯ್ತಾ ಅದೆ, ನಿಮಗೆ ಮ್ಯಾಚಾ?" ಅಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನೋಡವ್ವ, ಇವನ್ಗೆ ತೊಡೆ ಇಡ್ಕೊಂಡದೆ, ಓಡಕ್ಕಾಗಾಕಿಲ್ಲ. ಅವನ್ಗೆ ಸೊಂಟ ಬಗ್ಗಾಕಿಲ್ಲ. ಗೆಲ್ಲಾದು ಬ್ಯಾಡ, ಔಟಾಗ್ದೆ ಇದ್ರೆ ಸಾಕು ಅಂತ ನಿಂತವ್ರೆ. ಇವ್ರು ನಿಂತ್ರೆ ನಿನ್ ಗಂಡನೂ ನಿಂತ್ಕತಾನೆ. ಎದ್ದೇಳ್ಬ್ಯಾಡ ಕಣವ್ವ."

ನಂಬಿದೆನೇ? ಇಲ್ಲ. ಆದರೆ ಹಿಡಿದುಕೊಳ್ಳಲು ನನಗೆ ಇನ್ನೇನಿತ್ತು? ಮೂರು ಗಂಟೆ ಕಾಲ ಏಳಲಿಲ್ಲ. ನೀರು ಕುಡಿಯಲಿಲ್ಲ, ಒಂದಕ್ಕೂ ಹೋಗಲಿಲ್ಲ. ಸಕ್ಕರೆ ಕಾಯಿಲೆಯ ಆ ಮುದುಕರೂ ಅಷ್ಟೇ, ತುತ್ತು ಅನ್ನವಿಲ್ಲದೆ ಕೂತೇ ಇದ್ದರು. ಚೆಂಡು ಬಂದು ಆಟಗಾರನ ಮೈಗೆ ಬಡಿದಾಗಲೆಲ್ಲ ಬೆಂಚಿನ ಅಂಚು ಹಿಡಿಯುತ್ತಿದ್ದರು. ಸೊಟ್ಟ ಬೆರಳು ನನ್ನ ಕಡೆ ಚಾಚಿಕೊಳ್ಳುತ್ತಿತ್ತು. ದೇವರೇ, ಆ ಇಬ್ಬರು ಯಾರ ಮಕ್ಕಳೋ, ನಿಲ್ಲಲಿ ಅಂತ ನಾನೂ ಕೈ ಮುಗಿದೆ.

ಮಧ್ಯಾಹ್ನ ಆಟ ಡ್ರಾ ಆಯಿತು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು, ರಕ್ತ ನಿಂತಿದೆ ಅಂದರು. ಮಾವ ಎದ್ದು ಗೋಡೆಗೆ ಮುಖ ಮಾಡಿ ಅತ್ತರು. ಮುಂದಿನ ವಾರ ಕೊನೇ ಟೆಸ್ಟು ಗೆದ್ದು ನಮ್ಮವರು ಸರಣಿಯನ್ನೇ ಗೆದ್ದಾಗ ಊರೆಲ್ಲ ಪಟಾಕಿ. ಮಾವ ಮಾತ್ರ "ನಮ್ ಮ್ಯಾಚು ಓದ್ವಾರಾನೇ ಗೆದ್ದಾಗದೆ ಬುಡ್ರಿ" ಅಂದರು.

ಹೋದ ವರ್ಷ ಅವರ ಎದೆ ಕೈಕೊಟ್ಟಿತು. ಅದೇ ಆಸ್ಪತ್ರೆ. ಅತ್ತೆ ಸ್ನಾನಕ್ಕೆಂದು ಊರಿಗೆ ಹೋಗಿದ್ದ ಬೆಳಿಗ್ಗೆ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ನಾನಿದ್ದೆ. ಉಸಿರು ಎಳೆಯುತ್ತಾ, "ಇವತ್ತು ಮ್ಯಾಚಿಲ್ಲ. ಆದ್ರೂ ಎದ್ದೇಳ್ಬ್ಯಾಡ ಕಣವ್ವ" ಅಂದರು.

"ಇಲ್ಲೇ ಇರ್ತೀನಿ ಮಾವ" ಅಂದೆ.

ಅಷ್ಟರಲ್ಲಿ ನರ್ಸು ಔಷಧಿ ಚೀಟಿ ಕೈಗಿಟ್ಟು ಬೇಗ ತನ್ನಿ ಅಂದರು. ತರದೆ ಇರಲಾದೀತೇ? ಎದ್ದೆ. ಅಂಗಡಿ ಕೆಳಗೇ ಇತ್ತು, ಓಡಿಹೋಗಿ ಓಡಿಬಂದೆ. ಎಲ್ಲ ಮುಗಿದಿತ್ತು. ಆ ಸೊಟ್ಟ ಬೆರಳು ಹಾಸಿಗೆಯ ಅಂಚಿನಿಂದ ನನ್ನ ಖಾಲಿ ಸ್ಟೂಲಿನ ಕಡೆ ಚಾಚಿಕೊಂಡಿತ್ತು.

"ನೀನ್ ಎದ್ದಿದ್ಕೆ ಸಾಯ್ತಾರಾ? ಹುಚ್ಚಿ" ಅಂತ ನಮ್ಮನೆಯವರು ಸಮಾಧಾನ ಮಾಡುತ್ತಾರೆ. ಹಾವು ಕಚ್ಚಿದಾಗ ಅವರು ಬದುಕಿದ್ದು ಇಂಜೆಕ್ಷನ್ನಿನಿಂದ, ನಾವು ಕೂತಿದ್ದರಿಂದಲ್ಲ. ನನಗೂ ಗೊತ್ತು. ಆದರೂ ಮಾವ ಅವತ್ತು ನನಗೋಸ್ಕರ ಏಳಲಿಲ್ಲ. ನಾನು ಎದ್ದೆ.